ಫಲಕದ ಕೊನೆಯ ಸಾಲು

"ರಸ್ತೆ ಪಕ್ಕ ಬರೀ ಕಲ್ಲು, ಮಿಸ್ ವರ್ಲೀನ್. ಕಂಬದ ಗುಂಡಿ ನಾಲ್ಕು ಹೆಜ್ಜೆ ಒಳಗೆ ತೋಡ್ತೀನಿ," ಎನ್ನುತ್ತ, ಫಲಕ ನೆಡಲು ಬಂದಿದ್ದ ಕರ್ಟಿಸ್ ಹಾರೆ ಹೆಗಲಿಗೇರಿಸಿ ಓಕ್ ಮರಗಳ ಕಡೆ ಹೊರಟ.

ವರ್ಲೀನ್ ಟ್ಯಾಬ್, ಎಪ್ಪತ್ತೊಂಬತ್ತರ ಮುದುಕಿ, ಚರ್ಚಿನ ನೇರಳೆ ಟೋಪಿ ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಕಂಬಳಿಯ ಮೇಲೆ ಎರಕದ ಫಲಕ. ಅದರಲ್ಲಿ ಹತ್ತು ಸಾಲು ಈ ಹೊಗೆಸೊಪ್ಪಿನ ಎಸ್ಟೇಟಿನ ಧಣಿಗಳದ್ದು: ಯಾವ ರಾಜ ಭೂಮಿ ಕೊಟ್ಟ, ಇಟ್ಟಿಗೆ ಬಂಗಲೆ ಯಾವಾಗ ಎದ್ದಿತು, ಯಾವ ಜನರಲ್ ಬಂದು ಉಂಡು ಹೋದ. ಕೊನೆಯ ಸಾಲು ಮಾತ್ರ ವರ್ಲೀನಳದು. 'ಇಲ್ಲಿ ದುಡಿದ ನೂರಾರು ಗುಲಾಮರನ್ನು ಎಲ್ಲಿ ಹೂಳಲಾಯಿತೆಂದು ತಿಳಿದಿಲ್ಲ.' ಆ ನೂರಾರು ಜನರಲ್ಲಿ ಅವಳ ಮುತ್ತಜ್ಜಿಯ ತಾಯಿಯೂ ಒಬ್ಬಳು. ಅದೊಂದು ಸಾಲಿಗಾಗಿ ಆರು ವರ್ಷ ಕಚೇರಿಗಳಿಗೆ ಅಲೆದು ಬೂಟು ಸವೆಸಿದ್ದಳು. ಕಣ್ಣು ಮುಚ್ಚುವ ಮೊದಲು ಅದು ರಸ್ತೆ ಬದಿ ನಿಂತದ್ದನ್ನು ನೋಡಬೇಕು, ಅಷ್ಟೇ ಅವಳ ಆಸೆ.

"ಏಯ್, ಆ ನೀಲಿ ಹೂವಿನ ಬಳ್ಳಿ ತುಳೀಬೇಡ್ವೋ! ಹಾವಿವೆ ಅಲ್ಲಿ!"

"ಯಾರು ಹೇಳಿದ್ದು?"

"ನಮ್ಮಮ್ಮ. ಹೊಲಕ್ಕೆ ಹೋಗುವಾಗ ಇಲ್ಲಿಗೆ ಬಂದ ತಕ್ಷಣ ಬೂಟು ಬಿಚ್ಚಿ ಕೈಲಿ ಹಿಡ್ಕೊಳೋಳು, ನಂದೂ ಬಿಚ್ಚಿಸೋಳು. 'ಸದ್ದು ಮಾಡ್ಬೇಡ, ಮಲಗಿರ್ಲಿ' ಅನ್ನೋಳು."

ಕರ್ಟಿಸ್ ಗಹಗಹಿಸಿ ನಕ್ಕ. "ಒಳ್ಳೇ ಕಥೆ! ಹಾವಿಗೆ ಹೆದ್ರೋರು ಬೂಟು ಹಾಕ್ಕೋತಾರೆ, ಬಿಚ್ತಾರಾ?"

ವರ್ಲೀನಳ ನಾಲಿಗೆಗೆ ಪಾದ್ರಿಯೂ ಹೆದರುತ್ತಿದ್ದ. ಆದರೆ ಈಗ ಅವಳು ತನ್ನ ಬೂಟುಗಳನ್ನೇ ನೋಡಿದಳು. ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲವಲ್ಲ ಇದು!

ಕೋಲೂರಿ ಎದ್ದು ಹತ್ತಿರ ಹೋದಳು. ಬೆಳಗಿನ ಓರೆ ಬಿಸಿಲಿನಲ್ಲಿ ಬಳ್ಳಿಯ ಕೆಳಗಿನ ನೆಲ ಸಮವಾಗಿರಲಿಲ್ಲ. ಆಳುದ್ದದ ಒಂದು ತಗ್ಗು, ಪಕ್ಕದಲ್ಲಿ ಇನ್ನೊಂದು, ಹಿಂದೆ ಮತ್ತೊಂದು ಸಾಲು. ಎಲ್ಲವೂ ಪೂರ್ವಕ್ಕೆ ಕಾಲು ಚಾಚಿದಂತೆ, ತೀರ್ಪಿನ ದಿನ ಸತ್ತವರು ಗೋರಿಯಿಂದ ಎದ್ದು ಕೂತರೆ ಸೂರ್ಯ ಎದುರಿಗಿರಲೆಂದು. ನಡುವೆ ತೊಟ್ಟಿಲಿನಷ್ಟು ಚಿಕ್ಕದೊಂದು. ವರ್ಲೀನ್ ನಲವತ್ತೊಂದರವರೆಗೆ ಎಣಿಸಿದಳು. ಆಮೇಲೆ ಕಣ್ಣು ಮಂಜಾಯಿತು. ಸಾಲುಗಳು ಮರಗಳೊಳಗೆ ಹೋಗುತ್ತಲೇ ಇದ್ದವು.

"ದೇವರೇ," ಎಂದ ಕರ್ಟಿಸ್. ಟೋಪಿ ತೆಗೆದ.

ವರ್ಲೀನ್ ಕೋಲನ್ನು ತಗ್ಗಿನಿಂದ ಹಿಂದಕ್ಕೆಳೆದುಕೊಂಡಳು. ಅಮ್ಮನಿಗೂ ಯಾರೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಮಾತು ಎಲ್ಲೋ ಕಳೆದುಹೋಗಿ, ಬೂಟು ಬಿಚ್ಚುವುದೊಂದೇ ತಾಯಿಯಿಂದ ಮಗಳಿಗೆ ಇಳಿದು ಬಂದಿತ್ತು.

"ಫಲಕ ಏನ್ಮಾಡ್ಲಿ?" ಕರ್ಟಿಸ್ ಪಿಸುಗುಟ್ಟಿದ.

"ಗಾಡಿಗೆ ಹಾಕು. ವಾಪಸ್ ತಗೊಂಡ್ಹೋಗು."

"ಹೊಸ ಎರಕಕ್ಕೆ ಇನ್ನೆರಡು ವರ್ಷ ಅಂತಾರೆ. ಅಷ್ಟೊತ್ತಿಗೆ ನಿಮಗೆ..." ಅವನು ಮಾತು ನುಂಗಿಕೊಂಡ.

"ಎಂಬತ್ತೊಂದು. ಲೆಕ್ಕ ನನಗೂ ಬರತ್ತೆ. 'ತಿಳಿದಿಲ್ಲ' ಅಂತ ಇವರ ತಲೆ ಹತ್ರಾನೇ ನಿಲ್ಲಿಸ್ಲಾ?"

ವರ್ಲೀನ್ ಹಿಂದಿರುಗಿ ಕುರ್ಚಿಯಲ್ಲಿ ಕೂತು ಕಾಲು ಮುಂದೆ ಚಾಚಿದಳು.

"ಈ ಬೂಟಿನ ದಾರ ಬಿಚ್ಚು ಮಗ. ನನಗೆ ಬಗ್ಗೋಕಾಗಲ್ಲ."

ಅವನು ಮಂಡಿಯೂರಿ ಕೂತ. ಅವನ ದಪ್ಪ ಬೂಟುಗಳು ಆಗಲೇ ಫಲಕದ ಪಕ್ಕ, ರಸ್ತೆಯಂಚಿನ ಹುಲ್ಲಿನಲ್ಲಿ, ಜೋಡಿಯಾಗಿ ನಿಂತಿದ್ದವು.