ಮೂರನೇ ಮಹಡಿಯ ಮನೆ ನೋಡಲು ಬಂದವರು

ಸೆಂಗಾ ಮೆಕ್‌ಗ್ಲಿಂಚಿ ತಾನಿದ್ದ ಮನೆಯನ್ನೇ ತಾನು ಕೊಳ್ಳಬೇಕಾಗಿ ಬಂದದ್ದು ಐವತ್ತೆಂಟನೇ ವಯಸ್ಸಿನಲ್ಲಿ. ಗ್ಲಾಸ್ಗೋದ ಗೋವನ್‌ನಲ್ಲಿ, ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ, ಕೆಂಪು ಕಲ್ಲಿನ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಅವಳು ಬಾಡಿಗೆಗಿದ್ದು ಮೂವತ್ತೊಂದು ವರ್ಷವಾಗಿತ್ತು. ಗಂಡ ಕಣ್ಣು ಮುಚ್ಚಿದ್ದು ಅಲ್ಲೇ, ಮಗಳು ಮದುವೆಯಾಗಿ ಹೊರಟದ್ದೂ ಅಲ್ಲಿಂದಲೇ. ಈಗ ಮನೆಯ ಒಡೆಯ ರೆನ್ನಿ ಅದನ್ನು ಮಾರಲು ಹೊರಟಿದ್ದ.

ಆ ಬೀದಿಯನ್ನು ಮೊದಲು ಕೇಳುವವರೇ ಇರಲಿಲ್ಲ. ಟ್ಯಾಕ್ಸಿಯವನು ಮೂಲೆಯಲ್ಲೇ ಇಳಿಸಿ ಓಟ ಕೀಳುತ್ತಿದ್ದ. ದೀಪ ಹಾಕಿಸಿ, ಕಸ ಎತ್ತಿಸಿ ಎಂದು ಸೆಂಗಾ ಇಪ್ಪತ್ತು ವರ್ಷ ಅರ್ಜಿ ಬರೆದು ಕೈ ಸವೆಸಿಕೊಂಡಳು. ಕೊನೆಗೂ ನದಿಗೆ ಸೇತುವೆ ಬಂತು, ಬೀದಿಗೆ ದೀಪ ಬಂತು, ದೀಪದ ಕೆಳಗೆ ಬೆಂಚು ಬಂತು, ಬೆಂಚಿನ ಮೇಲೆ ಗಡ್ಡ ಬಿಟ್ಟ ಯುವಕರು ಲ್ಯಾಪ್‌ಟಾಪ್ ಹಿಡಿದು ಬಂದು ಕೂತರು. ಅವಳ ತಾಯಿ ಚಳಿಗಾಲ ಮುಗಿದ ಕೂಡಲೇ ಕೋಟು ಒತ್ತೆಯಿಡುತ್ತಿದ್ದ ಗಿರವಿ ಅಂಗಡಿ ಈಗ ಕಾಫಿ ಅಂಗಡಿ. ಹೆಸರು ಮಾತ್ರ 'ಗಿರವಿ' ಎಂದೇ ಉಳಿಸಿಕೊಂಡಿದ್ದಾರೆ, ಅದೇನೋ ಸೊಗಸಂತೆ. ಅಲ್ಲಿ ಒಂದು ಕಾಫಿಗೆ ಕೊಡುವ ದುಡ್ಡಿನಲ್ಲಿ ಆ ತಾಯಿ ಕೋಟನ್ನೂ ಬಿಡಿಸಿಕೊಂಡು ಮನೆಮಂದಿಗೆಲ್ಲ ಮೀನನ್ನೂ ತರುತ್ತಿದ್ದಳು. ಹೀಗೆ ಬೀದಿ ಉದ್ಧಾರವಾಯಿತು. ಉದ್ಧಾರ ಮಾಡಿ ಎಂದು ಬೊಬ್ಬೆ ಹೊಡೆದವಳ ಬುಡಕ್ಕೇ ಮೊದಲು ಬಂತು.

ಅಲ್ಲಿ ಮನೆ ಕೊಳ್ಳುವುದೆಂದರೆ ಕಣ್ಣು ಕಟ್ಟಿಕೊಂಡು ಆಡುವ ಆಟ. ಪ್ರತಿಯೊಬ್ಬರೂ ತಮ್ಮ ವಕೀಲರ ಮೂಲಕ ಬೆಲೆ ಬರೆದು ಗುಟ್ಟಾಗಿ ಕೊಡಬೇಕು. ಗೊತ್ತುಮಾಡಿದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲವನ್ನೂ ಒಟ್ಟಿಗೆ ತೆರೆಯುತ್ತಾರೆ, ಹೆಚ್ಚು ಬರೆದವರಿಗೆ ಮನೆ. ಪಕ್ಕದವನು ಎಷ್ಟು ಬರೆದಿದ್ದಾನೆಂದು ದೇವರಾಣೆಗೂ ಗೊತ್ತಾಗುವುದಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿದು ಉಳಿಸಿದ್ದು, ಮೇಲೊಂದಿಷ್ಟು ಸಾಲ, ಎಲ್ಲ ಸೇರಿದರೂ ಸೆಂಗಾ, ರೆನ್ನಿ ಕೇಳಿದ ಬೆಲೆಗಿಂತ ಕೂದಲೆಳೆಯಷ್ಟು ಮಾತ್ರ ಮೇಲೆ ಬರೆಯಬಲ್ಲವಳಾಗಿದ್ದಳು. ಬೇರೆ ಯಾರೂ ಮುಂದೆ ಬರದಿದ್ದರೆ ಮನೆ ಅವಳದ್ದು. ಬಂದರೆ ಮುಗಿಯಿತು.

"ರೆನ್ನಿ ಏನಂದ?" ಎಂದು ಕೇಳಿದ ಆರ್ಚಿ. ನೆಲಮಹಡಿಯಲ್ಲಿದ್ದ ಆರ್ಚಿ ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತನಾದವನು.

"ನಿಮಗೇ ಕೊಡೋಕೆ ಆಸೆ ಸೆಂಗಾ, ಆದ್ರೆ ವ್ಯವಹಾರ ನೋಡಿ, ಅಂದ. ಮೂವತ್ತೊಂದು ವರ್ಷ ನನ್ನ ಬಾಡಿಗೆ ತಿಂದು ಅವನ ಮಗಳ ಕುದುರೆ ತೇಗ್ತಾ ಇದೆ."

"ಹಾಗಾದ್ರೆ ನೋಡಕ್ಕೆ ಬಂದೋರು ಕಾಲಿಗೆ ಬುದ್ಧಿ ಹೇಳೋ ಹಾಗೆ ಮಾಡೋಣ. ನನ್ನ ಮೂತಿ ಒಂದ್ ತೋರಿಸಿದ್ರೆ ಸಾಕು."

"ಅದು ನಿಜ. ನಿನ್ನ ಹೆಂಡ್ತೀನೂ ಅದಕ್ಕೇ ತಾನೆ ಹೋಗಿದ್ದು."

ಭಾನುವಾರ ಜನ ಮನೆ ನೋಡುವ ಹೊತ್ತು. ಬಾಡಿಗೆದಾರರು ಒಳಗಿರಬಾರದು ಎಂದು ದಲ್ಲಾಳಿ ಹುಡುಗಿ ಮೊದಲೇ ಹೇಳಿದ್ದಳು. ಸೆಂಗಾ ಆರ್ಚಿಯ ಜೊತೆ ಗುಟ್ಟಾಗಿ ಮಾತಾಡಿಕೊಂಡಿದ್ದ ಪ್ರಕಾರ ಕೆಲಸಕ್ಕಿಳಿದಳು. ಆರ್ಚಿ ಹರಿದ ಹಾಸಿಗೆಯೊಂದನ್ನು ಎಳೆತಂದು ಕಟ್ಟಡದ ಬಾಗಿಲ ಬಳಿ ಒರಗಿಸಿದ. ತನ್ನ ಒಲೆಯ ಮೇಲೆ ಹೊಗೆಮೀನು ಹುರಿಯಲಿಟ್ಟು ಬಾಗಿಲು ಹಾರುಹೊಡೆದ. ಆ ವಾರ ಮೆಟ್ಟಿಲು ತೊಳೆಯುವ ಸರದಿ ಸೆಂಗಾಳದು. ಸರದಿಯ ಚೀಟಿ ಅವಳ ಬಾಗಿಲ ಹಿಡಿಕೆಯಲ್ಲೇ ನೇತಾಡುತ್ತಿತ್ತು. ಅವಳು ಒಂದು ಬಕೆಟ್ ಕೊಳಕು ನೀರಿಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದು, ಎರಡನೇ ಮಹಡಿಯ ಮೆಟ್ಟಿಲ ಮೇಲೆ ದಾರಿಗಡ್ಡವಾಗಿ ಕೂತಳು.

ಮೊದಲ ಇಬ್ಬರು ಮೂಗು ಮುಚ್ಚಿಕೊಂಡು ಹೊರಟೇಹೋದರು. ಸೆಂಗಾಳ ಹೊಟ್ಟೆ ತಣ್ಣಗಾಯಿತು. ಮೂರನೆಯವನು ಗಡ್ಡದವನು, ಹಾಸಿಗೆಯ ಫೋಟೋ ತೆಗೆದುಕೊಂಡ. "ಏನೋ, ನಿಮ್ಮಮ್ಮನ ಮನೇಲಿ ಹಾಸಿಗೆ ನೋಡಿಲ್ವಾ ನೀನು?" ಎಂದು ಆರ್ಚಿ ಗದರಿದರೆ ಅವನು ಪುಳಕಗೊಂಡು, ಇಂಥ ಅಪ್ಪಟ ಜನ ಈಗ ಸಿಗುವುದಿಲ್ಲ ಎಂದು ಜೊತೆಗಾತಿಗೆ ಪಿಸುಗುಟ್ಟಿದ. ಬೈದವನಿಗೇ ಕೈ ಕುಲುಕಿ ಹೋದ.

ಕೊನೆಗೆ ಬಂದವರು ಎಡಿನ್‌ಬರೋದ ಫ್ಲೋರಾ ಮತ್ತು ಹ್ಯೂಗೋ.

"ಎಡಿನ್‌ಬರೋದವ್ರಾ?" ಎಂದ ಆರ್ಚಿ. "ಹಾಗಾದ್ರೆ ಟೀ ಮನೇಲೇ ಮುಗಿಸ್ಕೊಂಡು ಬಂದಿರ್ತೀರಿ ಬಿಡಿ. ನಿಮ್ಮೂರಲ್ಲಿ ಬಂದೋರಿಗೆ ಟೀ ಕೊಡೋ ಬದಲು ಅದನ್ನೇ ತಾನೆ ಹೇಳೋದು."

ಹ್ಯೂಗೋನ ಮುಖ ಸಪ್ಪಗಾಯಿತು. ಮೆಟ್ಟಿಲ ಮೇಲೆ ನೀರು, ಗಾಳಿಯ ತುಂಬ ಮೀನಿನ ಹೊಗೆ. ಎರಡನೇ ಮಹಡಿ ಮುಟ್ಟುವ ಹೊತ್ತಿಗೆ ಫ್ಲೋರಾ ಗೋಡೆ ಹಿಡಿದುಕೊಂಡಳು. ಏಳು ತಿಂಗಳ ಬಸುರಿ. ಮುಖ ಬೂದಿಯ ಹಾಗಾಗಿತ್ತು.

"ವಾಪಸ್ ಹೋಗೋಣ, ಇದು ನಮ್ಮಂಥೋರಿಗಲ್ಲ," ಎಂದ ಹ್ಯೂಗೋ.

ಗೆದ್ದಾಗಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ಕಣ್ಣೆದುರು ಒಬ್ಬಳು ತಲೆ ಸುತ್ತಿ ನಿಂತಿರುವಾಗ ಸುಮ್ಮನೆ ಕೂರುವುದು ಗೋವನ್‌ನಲ್ಲಿ ಹುಟ್ಟಿದವಳ ಜಾಯಮಾನವೇ ಅಲ್ಲ.

"ಕೂತ್ಕೋ ಮಗಳೇ, ಇಲ್ಲಿ ಒಣಗಿದೆ," ಎಂದಳು ಸೆಂಗಾ. "ಆರ್ಚಿ, ಆ ದರಿದ್ರ ಮೀನು ಇಳಿಸೋ. ಟೀ ತಗೊಂಡ್ಬಾ, ಸಕ್ಕರೆ ಜಾಸ್ತಿ."

ಆರ್ಚಿ ಟೀ ತಂದ. ಶುಂಠಿ ಬಿಸ್ಕತ್ತನ್ನೂ ತಂದ. ಸೆಂಗಾ ಫ್ಲೋರಾಳ ಬೆನ್ನು ನೀವುತ್ತಾ, ಅವಳ ಮನಸ್ಸು ಬೇರೆ ಕಡೆ ತಿರುಗಲೆಂದು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಮೆಟ್ಟಿಲಿನ ಚೀಟಿ ಮನೆಯಿಂದ ಮನೆಗೆ ಹೇಗೆ ಹೋಗುತ್ತದೆ, ಯಾರಿಗಾದರೂ ಜ್ವರ ಬಂದರೆ ಬಾಗಿಲಿಗೆ ಸೂಪು ಹೇಗೆ ಬರುತ್ತದೆ, ಆ ಕಟ್ಟಡದ ಎಷ್ಟು ಮಕ್ಕಳನ್ನು ತಾನು ಎತ್ತಿ ಆಡಿಸಿದ್ದೇನೆ, ಎಲ್ಲ.

"ನೀವು ಇಲ್ಲೇ ಇರೋದಾ?" ಎಂದಳು ಫ್ಲೋರಾ.

"ಮೂವತ್ತೊಂದು ವರ್ಷದಿಂದ ಇದೇ ಮೆಟ್ಟಿಲು ತೊಳೀತಿದೀನಿ."

ಅವರು ಮೇಲೆ ಹೋಗಿ ಮನೆ ನೋಡಿ ಬಂದರು. ಹೋಗುವಾಗ ಫ್ಲೋರಾ ಸೆಂಗಾಳನ್ನು ತಬ್ಬಿಕೊಂಡಳು.

"ನಿನಗೇನು ತಲೆ ಕೆಟ್ಟಿತ್ತಾ?" ಎಂದ ಆರ್ಚಿ ಆಮೇಲೆ.

"ಬಸುರಿ ಕಣೋ."

"ನೀನು ಟೀ ಕೊಡಿಸ್ದೆ, ಸರಿ. ಸೂಪಿನ ಕಥೆ ಯಾಕೆ ಹೇಳ್ದೆ?"

"ನೀನ್ಯಾಕೆ ಬಿಸ್ಕತ್ ತಂದೆ?"

ಆರ್ಚಿ ತಲೆ ಕೆರೆದುಕೊಂಡ. "ಬರೀ ಟೀ ಹೇಗೆ ಕೊಡೋದು?"

ಶುಕ್ರವಾರ ಹನ್ನೆರಡೂಕಾಲಿಗೆ ವಕೀಲರ ಫೋನ್ ಬಂತು. ಮೂವರು ಬೆಲೆ ಬರೆದಿದ್ದರು. ಗಡ್ಡದವನನ್ನು ಸೆಂಗಾ ಇನ್ನೂರು ಪೌಂಡಿನಿಂದ ಹಿಂದೆ ಹಾಕಿದ್ದಳು. ಆದರೆ ಇನ್ನೊಬ್ಬರು ಅವಳಿಗಿಂತ ಮೂವತ್ತೈದು ಸಾವಿರ ಮೇಲೆ ಬರೆದಿದ್ದರು. ಈ ಬೀದಿಗೆ ಇಷ್ಟು ಯಾರೂ ಕೊಟ್ಟಿರಲಿಲ್ಲ, ಏನು ಕಂಡರೋ ಏನೋ, ಎಂದರು ವಕೀಲರು. ಸೆಂಗಾ ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತಳು. ಆರ್ಚಿ ಬಂದು ಕೆಟಲ್ ಇಟ್ಟ.

ಮನೆ ಬಿಡುವ ಹಿಂದಿನ ದಿನ ಅವಳು ಪೆಟ್ಟಿಗೆಯೊಂದನ್ನು ಹೊತ್ತು ಇಳಿಯುತ್ತಿದ್ದಾಗ ಫ್ಲೋರಾ ಮತ್ತು ಹ್ಯೂಗೋ ಎದುರಾದರು. ಫ್ಲೋರಾಳ ಕೈಯಲ್ಲಿ ನಿಂಬೆಹಣ್ಣಿನ ಕೇಕ್ ಇತ್ತು.

"ನಿಮ್ಮನ್ನೇ ಹುಡುಕ್ಕೊಂಡು ಬಂದ್ವಿ," ಎಂದಳು. "ಕೀಲಿಕೈ ನಾಳೆ ಸಿಗತ್ತೆ, ಅಷ್ಟರೊಳಗೆ ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು. ಇವರು ಇಷ್ಟೊಂದು ಬರೆಯೋದು ಬೇಡ ಅಂದ್ರು. ನಾನೇ ಹಠ ಹಿಡಿದೆ. ಮನೆ ಎಲ್ಲಾದ್ರೂ ಸಿಗತ್ತೆ, ನಿಮ್ಮಂಥ ನೆರೆಯವರು ಎಲ್ಲಿ ಸಿಗ್ತಾರೆ? ಮಗು ಹುಟ್ಟಿದ್ಮೇಲೆ ನೀವು ಪಕ್ಕದಲ್ಲಿದ್ರೆ ನನಗೆ ಭಯಾನೇ ಇಲ್ಲ."

ಸೆಂಗಾ ಪೆಟ್ಟಿಗೆಯನ್ನು ಕೆಳಗಿಟ್ಟು, ಕೇಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೊಟ್ಟದ್ದನ್ನು ಬೇಡವೆನ್ನಲು ಅವಳಿಗೆ ಬರುತ್ತಿರಲಿಲ್ಲ.

"ಅಂದ ಹಾಗೆ ಅವತ್ತು ಕೇಳೋದೇ ಮರೆತೆ," ಎಂದಳು ಫ್ಲೋರಾ. "ನಿಮ್ಮ ಬಾಗಿಲು ಯಾವುದು?"

"ನೀವು ಕೊಂಡ್ಕೊಂಡ್ರಲ್ಲ ಮಗಳೇ, ಅದೇ," ಎಂದಳು ಸೆಂಗಾ.