ಅರ್ಧ ಸುತ್ತು

ನೀರು ಬಿಡುವವನ ಕೆಲಸ ನೋಡುವವರಿಗೆ ಸಲೀಸು. ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಹೋಗುವುದು, ಬೀದಿ ತುದಿಯ ಗುಂಡಿಯಲ್ಲಿ ಅದನ್ನು ಇಳಿಸಿ ವಾಲ್ವು ತಿರುಗಿಸುವುದು, ಹೊತ್ತಾದ ಮೇಲೆ ಮುಚ್ಚುವುದು. ಮೇಲಿನ ಬೀದಿಗೆ ಪೂರ್ತಿ ತೆರೆಯಬೇಕು, ಕೆಳಗಿನ ಬೀದಿಗೆ ಅರ್ಧ ಸುತ್ತು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಹಿಂದಿನವನು ಇವನ ಪಕ್ಕದಲ್ಲಿ ನಿಂತು ಕಲಿಸಿಕೊಟ್ಟಿದ್ದ. ಇವನ ಮನೆಯಿದ್ದದ್ದೂ ಕೆಳಗಿನ ಬೀದಿಯಲ್ಲೇ. ಬೀದಿ ನಲ್ಲಿಯ ನೂಲಿನಂಥ ಧಾರೆಯ ಕೆಳಗೆ ಕೊಡವಿಟ್ಟು ಇವನ ಹೆಂಡತಿಯೂ ಎಲ್ಲರಂತೆ ಕಾಯುತ್ತಿದ್ದಳು.

ಒಂದು ರಜೆಯ ದಿನ ಮಗಳು ಜೊತೆಗೆ ಬಂದಳು. ಶಾಲೆಯಲ್ಲಿ ಪ್ರಜೆಗಳ ಕರ್ತವ್ಯದ ಪಾಠ ನಡೆದಿತ್ತು. ತಪ್ಪು ಕಂಡರೆ ಸುಮ್ಮನಿರಬಾರದು ಎಂದು ಟೀಚರ್ ಹೇಳಿದ್ದರಂತೆ. ಗುಂಡಿಯೊಳಗೆ ಬಗ್ಗಿ ನೋಡಿದಳು.

"ಅಪ್ಪಾ, ನಮ್ಮ ಬೀದಿಗೆ ಯಾಕೆ ಇಷ್ಟೇ?"

"ಅದು ಮೊದಲಿಂದ ಹಾಗೇ ಪುಟ್ಟಾ."

"ಹಾಗೇ ಅಂತ ಯಾರು ಹೇಳಿದ್ದು?"

ಬೇರೆ ಯಾರು ಕೇಳಿದ್ದರೂ ಗದರಿಸಿ ಕಳಿಸುತ್ತಿದ್ದ. ಮಗಳ ಕಣ್ಣಲ್ಲಿ ಸಣ್ಣವನಾಗುವುದು ಅವನಿಂದಾಗದು. ಕೀಲಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟ.

ಆ ವಾರವಿಡೀ ಕೆಳಗಿನ ಬೀದಿಯಲ್ಲಿ ಕೊಡಗಳು ತುಂಬಿ ಚೆಲ್ಲಿದವು. ಹೆಂಡತಿ ಕಂಬಳಿಗಳನ್ನೆಲ್ಲ ಒಗೆದು ಹಾಕಿದಳು. ನಲ್ಲಿಗೆ ಹುಚ್ಚು ಹಿಡಿದಿದೆ ಎಂದು ಪಕ್ಕದ ಮನೆಯಾಕೆ ನಕ್ಕಳು. ಮೇಲಿನ ಬೀದಿಯ ಮಾಳಿಗೆಯ ಟ್ಯಾಂಕುಗಳು ಮಾತ್ರ ತುಂಬಲಿಲ್ಲ.

ನೀರಿನ ಕಚೇರಿಯ ಸಾಹೇಬರು ಕರೆಸಿದರು. ಬೈಯಲೂ ಇಲ್ಲ. ಕೀಲಿಯನ್ನು ಗೋಡೆಗೆ ಒರಗಿಸಿ ಹೋಗು ಎಂದರು, ಅಷ್ಟೇ. ಹೊಸದಾಗಿ ಬಂದವನು ಹೆದರುಪುಕ್ಕಲ. ತನಗೂ ಅದೇ ಗತಿ ಬಂದೀತೆಂದು ಕೆಳಗಿನ ಬೀದಿಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ.

ಮಗಳ ಪ್ರಶ್ನೆಯಿಂದಲೇ ಇದೆಲ್ಲ ಆಯಿತೆಂದು ಬೀದಿಗೆಲ್ಲ ಗೊತ್ತಾಗಿತ್ತು. ನಲ್ಲಿಯ ಸಾಲಿನಲ್ಲಿ ಈಗ ಇವನ ಹೆಂಡತಿಗೆ ಎಲ್ಲರಿಗಿಂತ ಹಿಂದೆ ಜಾಗ. "ನಿಮ್ಮ ಲಾಯರಮ್ಮನ್ನ ಕಳಿಸು, ಕೇಳಿ ತರ್ತಾಳೆ," ಎಂದು ಪಕ್ಕದ ಮನೆಯಾಕೆಯೇ ಚುಚ್ಚಿದಳಂತೆ. ಅದನ್ನು ಹೆಂಡತಿ ಮನೆಯಲ್ಲಿ ಹೇಳುವಾಗ ಮಗಳು ತಲೆಯೆತ್ತಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅವಳು ಕರ್ತವ್ಯಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಕೆಲಸವಿಲ್ಲದೆ ಹೊಸ್ತಿಲಲ್ಲಿ ಕೂತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ.

"ಒಂದು ಬಿಟ್ಟೆಯಲ್ಲ ಪುಟ್ಟಾ. ತಪ್ಪು ಕಂಡ್ರೆ ಸುಮ್ಮನಿರಬಾರದು ಅಂತ ಇತ್ತಲ್ವಾ?"

"ಗೊತ್ತಪ್ಪಾ. ಅದು ಬರೆಯೋಕೆ ಮಾತ್ರ."

ಪುಸ್ತಕ ಮುಚ್ಚಿಟ್ಟು, ಕೊಡ ಎತ್ತಿಕೊಂಡು, ಸಾಲಿನ ಕೊನೆಯಲ್ಲಿ ನಿಲ್ಲಲು ಹೊರಟಳು.