ಕೋಟಿನ ಅಸ್ತರು

ಪುಡಿ ಸೋಪೋ ಬಿಲ್ಲೆ ಸೋಪೋ ಎಂಬ, ಮನುಕುಲದ ಭವಿಷ್ಯವೇ ನಿಂತಿರುವ ಪ್ರಶ್ನೆಯನ್ನು ಇಂದಿನ ಸಮಿತಿ ಇತ್ಯರ್ಥಪಡಿಸಲಿದೆ, ಬಾಗಿಲಿಗೆ ಅಂಟಿಸಿದ ಚೀಟಿಯ ಅಂಟು ಇನ್ನೂ ಹಸಿ, ನನ್ನ ಮತ ಬಿಲ್ಲೆಗೆ, ಬಿಲ್ಲೆಯಲ್ಲಿ ಉಜ್ಜಿದರೆ ಎಂಥ ಕಲೆಯೂ ಹೋಗುತ್ತದೆ, ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷ ಬೀದಿಯಲ್ಲಿ ಮಲಗುವವರ ಬಟ್ಟೆ ಒಗೆದ ಕೈ ಇದು, ಅಕ್ಕನನ್ನು ಮೀರಿಸೋರಿಲ್ಲ ಎಂದು ಫಾದರ್ ಪ್ರವಚನದಲ್ಲೇ ಹೇಳಿದ್ದರು — ಬಾಗಿಲಾಚೆ ಫೋನಿನ ಮುಂದೆ ಆ ಬೀದಿಯವರಲ್ಲೊಬ್ಬನಾದ ಕೋಟಜ್ಜ, ಭಾನುವಾರವಲ್ಲವೇ, ಪೂಜೆ ಮುಗಿದ ಮೇಲೆ ಮಗಳಿಗೆ ಫೋನು, ನೀನಾಗಿ ಮಾಡಿದ್ರೆ ಮಾತಾಡ್ತೀನಿ, ನಾನಂತೂ ಮಾಡಲ್ಲ ಅಂದವಳು ಹೋದ ವಾರ ಮೊದಲ ಸಲ ಅಪ್ಪಾ ಅಂದಳಂತೆ, ಮುಂದಿನ ವಾರ ಮನೆ ವಿಳಾಸ ಹೇಳ್ತೀನಿ ಅಂದಳಂತೆ, ಮಗಳ ಮನೆಗೆ ಈ ಅವತಾರದಲ್ಲಿ ಹೋಗ್ತೀಯಾ ಅಂತಲೇ ಅಲ್ಲವೇ ಬೇಸಗೆಯಲ್ಲೂ ಬಿಚ್ಚದ ಕೋಟನ್ನು ನಿನ್ನೆ ನಾನು ಬಿಚ್ಚಿಸಿದ್ದು, ಅಜ್ಜಾ, ನಿನಗಿಂತ ಮೊದಲು ಅದರ ವಾಸನೆ ಒಳಗೆ ಬರುತ್ತೆ, ಹಂಗಾದ್ರೆ ಮೊದ್ಲು ಅದಕ್ಕೇ ಕುರ್ಚಿ ಹಾಕಮ್ಮ, ನಕ್ಕೂ ನಕ್ಕೂ ಕೊಟ್ಟ, ನಿಯಮದಂತೆ ಅವನೆದುರೇ ಜೇಬು ತಡಕಿ ಡಬ್ಬಿಗೆ ಹಾಕಿದೆ, ಬಾಚಣಿಗೆ, ಎರಡು ಗುಂಡಿ, ಇನ್ನೇನಿಲ್ವಾ, ಜೇಬಲ್ಲಿ ಏನೂ ಇಲ್ಲಮ್ಮ — ಈಗ ಕೋಟು ತೆರೆದು ಎದೆಯತ್ತ ಬಗ್ಗುತ್ತಾನೆ, ಪ್ರತಿ ವಾರದಂತೆ, ಎದೆಯೊಳಗೆ ಏನು ಹುಡುಕ್ತಾನೋ ಮುದುಕ ಎಂದು ಅಡುಗೆಯವಳ ಜೊತೆ ನಗಾಡುತ್ತಿದ್ದೆ, ಬಗ್ಗಿ ಒಂದು ಅಂಕಿ ಒತ್ತುವುದು, ಬಗ್ಗಿ ಇನ್ನೊಂದು — ಕೋಟಿನ ಒಳಬದಿಯ ಅಸ್ತರು, ಬಿಳಿಯೆಂದು ಒಗೆದ ಮೇಲೆ ತಿಳಿದ ಅಸ್ತರು, ಎಡಗಡೆ ನೀಲಿ ಕಲೆ ಸಾಲಾಗಿ ಇತ್ತು, ನನ್ನ ಕನ್ನಡಕ ಕಿಟಕಿಯಲ್ಲಿತ್ತು, ಹೋಗಲೊಲ್ಲದು, ಹಟ ಹಿಡಿದು ಬ್ರಷ್ ಹಾಕಿ ಮೂರು ಸಲ, ದೇವರೇ, ಮೂರು ಸಲ ಉಜ್ಜಿದೆ, ನಿನ್ನ ಕಣ್ಣಿಗೆ ಕೊಳೆ ಒಂದೇ ಕಾಣೋದು ಅನ್ನುತ್ತಿದ್ದಳು ನನ್ನಮ್ಮ, ಈ ಫೋನೋ ಓಬೀರಾಯನ ಕಾಲದ್ದು, ಯಾವ ನಂಬರನ್ನೂ ನೆನಪಿಡುವುದಿಲ್ಲ, ಅವನು ಆರು ಅಂಕಿ ಒತ್ತಿ ನಿಂತ, ಇಟ್ಟ, ಮತ್ತೆ ಆರು, ಇನ್ನು ನಾಲ್ಕು ಬೇಕು, ಮಗಳು ಅಲ್ಲೆಲ್ಲೋ ಫೋನು ನೋಡುತ್ತಾ ಕೂತಿರುತ್ತಾಳೆ, ಅಪ್ಪನಿಗೆ ಬೇಡವಾಯಿತು ಅಂದುಕೊಳ್ಳುತ್ತಾಳೆ, ಅಮ್ಮಾ ಸ್ವಲ್ಪ ಬಾ ಇಲ್ಲಿ, ಬೆಳಕೇ ಇಲ್ಲ, ಓದಿ ಹೇಳು, ಎದೆ ತೆರೆದು ಹಿಡಿದಿದ್ದಾನೆ, ಹೋಗುತ್ತೇನೆ, ಕನ್ನಡಕ ಹಾಕಿಕೊಳ್ಳುತ್ತೇನೆ, ಬೆಳಕು ಬೇಕಾದಷ್ಟಿದೆ, ಬಿಳಿ ಅಸ್ತರು, ಎಡಗಡೆ, ಬಿಳಿ ಅಸ್ತರು — ಕಲೆ ಪೂರ್ತಿ ಹೋಗಿದೆ.